ತಲೆ, ಬಾಲ, ಅರ್ಧ ಇಂಚು

ಟೇಪಣ್ಣನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಏನೋ ಇತ್ತು. ಆ ಹೆಸರು ಹಿಡಿದು ಕೂಗಿದರೆ ಅವನೇ ತಿರುಗಿ ನೋಡುತ್ತಿರಲಿಲ್ಲ. ಮನೆಯ ಮುಂದಿನ ಕೋಣೆಯೇ ಅವನ ಹೊಲಿಗೆ ಅಂಗಡಿ. ಬೀದಿಯಲ್ಲಿ ಯಾರ ಸೊಂಟ ಯಾವ ವರ್ಷ ಎಷ್ಟು ಹಿಗ್ಗಿತು ಎಂಬುದೆಲ್ಲ ಅವನ ನಾಲಿಗೆಯ ತುದಿಯಲ್ಲಿತ್ತು. ಬಟ್ಟೆ ಕೊಡುವ ದಿನದ ಬಗ್ಗೆ ಅವನು ನಿಜ ಹೇಳಿದ್ದನ್ನು ಕೇಳಿದವರಿಲ್ಲ, ಆದರೆ ಅಳತೆಯಲ್ಲಿ ಮಾತ್ರ ಎಂದೂ ಸುಳ್ಳಾಡಿದವನಲ್ಲ. ಆ ಜಂಬವೂ ಅವನಿಗೆ ಬೇಕಾದಷ್ಟಿತ್ತೆನ್ನಿ.

ಇಂಥವನ ಸೊಂಟವೇ ಒಂದು ಬೆಳಿಗ್ಗೆ ಕೈಕೊಟ್ಟಿತು. ಎಡಪಕ್ಕದಲ್ಲಿ ಕೆಂಡ ಇಟ್ಟಂಥ ಉರಿ. ನೋಡಿದರೆ ಕೆಂಪಾದ ಚರ್ಮದ ಮೇಲೆ ಸಾಲಾಗಿ ನೀರುಗುಳ್ಳೆ. ಪ್ಯಾಂಟಿನ ಪಟ್ಟಿ ತಾಗಿದರೆ ಜೀವ ಬಾಯಿಗೆ ಬರುತ್ತಿತ್ತು. ಅಕ್ಕನಿಗೆ ಫೋನು ಮಾಡಿದ. ಆಕೆ ಲೋಕದ ಕಾಯಿಲೆಗಳನ್ನೆಲ್ಲ ಅರೆದು ಕುಡಿದವಳು.

"ಸರ್ಪಸುತ್ತು ಕಣೋ ಅದು," ಎಂದಳು ಅಕ್ಕ. "ಡಾಕ್ಟ್ರು ಗೀಕ್ಟ್ರು ಅಂತ ಓಡ್ಬೇಡ. ಸೊಪ್ಪು ಅರೆದು ಹಚ್ಚು. ಸೊಂಟ ಸುತ್ತಿ ತಲೆಗೆ ಬಾಲ ಸೇರದಿದ್ರೆ ಏನೂ ಭಯ ಇಲ್ಲ. ಸೇರಿತೋ, ಮನುಷ್ಯ ಉಳಿಯಲ್ಲ."

ಇಷ್ಟು ಹೇಳಿ ಅವಳು ನಿಶ್ಚಿಂತೆಯಿಂದ ಫೋನಿಟ್ಟಳು. ಕೇಳಿದವನು ತನ್ನ ಕತೆ ಮುಗಿಯಿತೆಂದೇ ತಿಳಿದ. ಆದರೆ ಕೊರಳಲ್ಲಿ ಟೇಪಿತ್ತಲ್ಲ! ಹೊಟ್ಟೆ ಕಡೆಯ ಕೊನೇ ಗುಳ್ಳೆ ತಲೆ, ಬೆನ್ನಿನ ಕಡೆಯದು ಬಾಲ ಎಂದು ಗೊತ್ತುಮಾಡಿಕೊಂಡು, ಬಲಪಕ್ಕದಿಂದ ಸುತ್ತಿ ನಡುವೆ ಉಳಿದ ಜಾಗವನ್ನು ಬೆಳಿಗ್ಗೆ ಸಂಜೆ ಅಳೆಸತೊಡಗಿದ. ಅವನು ಗೋಡೆಗೆ ಮುಖಮಾಡಿ ನಿಲ್ಲಬೇಕು, ಹೆಂಡತಿ ಅಳೆದು ಹೇಳಬೇಕು.

"ರೀ, ಆಸ್ಪತ್ರೆಗೆ ಹೋಗೋಣ. ಬೇಗ ಹೋದಷ್ಟೂ ಒಳ್ಳೇದಂತೆ, ಔಷಧಿ ಅಂಗಡಿಯವರು ಹೇಳಿದ್ರು."

"ಜಾಗ ಎಷ್ಟಿದೆ?"

"ಹದಿನೆಂಟು ಇಂಚು."

"ಮತ್ತೇನು ಅವಸರ? ಹದಿನೆಂಟು ಇಂಚಲ್ಲಿ ಮಗುವಿಗೊಂದು ಚಡ್ಡಿ ಹೊಲೀಬಹುದು."

ಜಪ್ಪಯ್ಯ ಎಂದರೂ ಆಸಾಮಿ ಕದಲಲಿಲ್ಲ. ಹಚ್ಚಿದ ಸೊಪ್ಪು ಒಣಗಿ ಬಿಗಿದು ಉರಿ ಇನ್ನಷ್ಟಾಯಿತು. ಪ್ಯಾಂಟು ಹಾಕಲಾರದೆ ಹೆಂಡತಿಯ ಹಳೇ ನೈಟಿ ತೊಟ್ಟು, ಬಾಗಿಲಿಗೆ ಬೆನ್ನುಹಾಕಿ ಹೊಲಿಗೆ ಯಂತ್ರದ ಮುಂದೆ ಕುಳಿತ. ಬಟ್ಟೆ ಕೇಳಲು ಬಂದ ಹೆಂಗಸು, "ಅಕ್ಕಾ, ಟೈಲರ್ ಇಲ್ವಾ?" ಎಂದು ಅವನನ್ನೇ ಕೇಳಿದಳು. "ಊರಿಗೆ ಹೋಗಿದಾರೆ," ಎಂದ ಟೇಪಣ್ಣ, ಸಣ್ಣ ದನಿ ಮಾಡಿ.

ಮರುದಿನ ಬೆಳಿಗ್ಗೆ ಹೆಂಡತಿ ಟೇಪನ್ನು ಹಿಡಿದೂ ಹಿಡಿದೂ ನೋಡಿದಳು.

"ಎಷ್ಟೇ?"

"ಅರ್ಧ ಇಂಚು."

ತಲೆ ಬಗ್ಗಿಸಿ ತನ್ನ ಬಲಪಕ್ಕ ತಾನೇ ನೋಡಿಕೊಂಡಿದ್ದರೆ ಮುಗಿಯುತ್ತಿತ್ತು. ನೋಡುವ ಧೈರ್ಯ ಯಾರಿಗಿತ್ತು? ನೈಟಿಯ ಮೇಲೊಂದು ಶಾಲು ಹೊದ್ದು, ಉಸಿರನ್ನೂ ಜೋರಾಗಿ ಬಿಡದೆ ಆಟೊ ಹತ್ತಿದ. ಉಸಿರಾಡಿದರೆ ಆ ಅರ್ಧ ಇಂಚೂ ಹೋದೀತೆಂಬ ಭಯ.

ಡಾಕ್ಟರಮ್ಮ ಗುಳ್ಳೆ ನೋಡಿದರು. "ಚಿಕ್ಕಂದಿನಲ್ಲಿ ಚಿಕನ್‌ಪಾಕ್ಸ್ ಆಗಿತ್ತಲ್ವಾ? ಅದೇ ವೈರಸ್ಸು ನರದೊಳಗೆ ಮಲಗಿದ್ದು ಈಗ ಎದ್ದಿದೆ. ಬೇಗ ಬಂದ್ರಿ, ಒಳ್ಳೇದಾಯ್ತು. ಮಾತ್ರೆ ಇವತ್ತೇ ಶುರು ಮಾಡಿ. ತಡ ಮಾಡಿದ್ರೆ ಗುಳ್ಳೆ ಒಣಗಿದ್ಮೇಲೂ ನೋವು ತಿಂಗಳುಗಟ್ಟಲೆ ಉಳಿಯೋದುಂಟು. ಸೊಪ್ಪು ಬೇಡ, ತಣ್ಣೀರಲ್ಲಿ ಅದ್ದಿದ ಬಟ್ಟೆ ಇಡಿ, ಕೆರೀಬೇಡಿ. ಸಡಿಲವಾದ ಬಟ್ಟೆ ಹಾಕಿ." ನೈಟಿಯ ಕಡೆ ನೋಡಿ, "ಇದು ಪರವಾಗಿಲ್ಲ," ಎಂದರು.

"ತಲೆಗೆ ಬಾಲ ಸೇರೋಕೆ ಅರ್ಧ ಇಂಚು ಬಾಕಿ ಇದೆಯಲ್ಲ ಡಾಕ್ಟ್ರೇ?"

"ಸುತ್ತೋದೆಲ್ಲ ಹೆಸರಲ್ಲಿ ಮಾತ್ರ. ಸಾಮಾನ್ಯವಾಗಿ ಒಂದೇ ಪಕ್ಕ ಬರುತ್ತೆ, ಮೈಯ ಮಧ್ಯ ದಾಟಿ ಆಚೆ ಪಕ್ಕಕ್ಕೆ ಹೋಗಲ್ಲ. ನಿಮ್ಮ ಬಲಪಕ್ಕದಲ್ಲಿ ಒಂದು ಗುಳ್ಳೆಯೂ ಇಲ್ಲ."

ಟೇಪಣ್ಣ ಇಂಗು ತಿಂದ ಮಂಗನಂತಾದ. ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಗುತ್ತಿದ್ದಾಳೆಂದು ಅವನಿಗೆ ಮೈಯೆಲ್ಲ ಉರಿಯಿತು. ಆಟೊ ಹತ್ತುವವರೆಗೆ ಹಲ್ಲು ಕಚ್ಚಿಕೊಂಡಿದ್ದ.

"ಸುಳ್ಳು ಅಳತೆ ಹೇಳಿ ಸಾಯೋ ಹಾಗೆ ಹೆದರಿಸಿದೆಯಲ್ಲೇ. ನಿನಗೆ ಆಟ."

ಅವಳು ಸೆರಗು ತೆಗೆದಳು. ಅತ್ತೂ ಅತ್ತೂ ಕಣ್ಣು ಊದಿಕೊಂಡಿತ್ತು.

"ನೀವೊಬ್ರೇ ಹೆದರಿದ್ದು ಅಂದ್ಕೊಂಡ್ರಾ? ನಿಮ್ಮಕ್ಕ ಹೇಳಿದ್ದನ್ನ ನಾನೂ ನಂಬಿದ್ದೆ. ಅದು ಸುತ್ತೋದಿಲ್ಲ ಅಂತ ನನಗೂ ಈಗಲೇ ಗೊತ್ತಾಗಿದ್ದು."

ಟೇಪಣ್ಣನ ಸಿಟ್ಟು ಸರ್ರನೆ ಇಳಿಯಿತು. ಮೆಲ್ಲಗೆ ಕೇಳಿದ: "ಹಾಗಾದ್ರೆ ನಿಜವಾದ ಅಳತೆ ಎಷ್ಟಿತ್ತು?"

"ಯಾರಿಗೆ ಗೊತ್ತು? ಕಣ್ತುಂಬಾ ನೀರು, ಅಂಕಿ ಎಲ್ಲಿ ಕಾಣಬೇಕು. ನೀವು ಆಸ್ಪತ್ರೆಗೆ ಹೊರಟ್ರೆ ಸಾಕು ಅಂತ ಬಾಯಿಗೆ ಬಂದದ್ದು ಹೇಳಿದೆ."