ಗಾಡಿ ತೊಳೆಯಲಿಕ್ಕೆ ಒಂದು ಜಾಗ

ಗಾಂಧಿನಗರದ ಆ ಅಡ್ಡರಸ್ತೆಯವರಿಗೆ ಗಂಗೋತ್ರಿಯನ್ನು ಕಂಡರೆ ಆಗುತ್ತಿರಲಿಲ್ಲ. ಗಂಗೋತ್ರಿಗೂ ಅವರನ್ನು ಕಂಡರೆ ಅಷ್ಟಕ್ಕಷ್ಟೆ. ಕಾರಿಗೆ ಸೀಟ್ ಕವರು, ಮ್ಯಾಟು, ಹಾರನ್ನು ಹಾಕಿಕೊಡುವ ಅಂಗಡಿ ಅವಳದು. ಊಟ ಮಾಡಿ ಮಲಗುವ ಹೊತ್ತಿಗೆ ಸರಿಯಾಗಿ ಯಾರದೋ ಕಾರಿನ ಹೊಸ ಹಾರನ್ ಒದರುತ್ತಿತ್ತು. ಯಾರಾದರೂ ಬಂದು ಕೇಳಿದರೆ, "ಹಾರನ್ ಹಾಕಿದ ಮ್ಯಾಲ ಒದರಸಿ ನೋಡಬೇಕಲ್ರಿ, ಕಣ್ಣಿಂದ ನೋಡಿದ್ರ ಗೊತ್ತಾಗತೈತೇನು?" ಎಂದು ತಲೆ ಎತ್ತದೆ ಉತ್ತರ ಕೊಡುತ್ತಿದ್ದಳು. ಕುರುಗೋಡಿನಲ್ಲಿ ಹುಟ್ಟಿ ಬೆಳೆದ ಹೆಣ್ಣುಮಗಳು. ಗಂಡ ಮರಿಬಸಪ್ಪ ಸರಕಾರಿ ಬಸ್ಸಿನ ಡ್ರೈವರು, ಮಾತು ಕಡಿಮೆ. ಮನೆಯಲ್ಲಿ ಆಗಬೇಕಾದ ಜಗಳವೆಲ್ಲ ಅವಳೊಬ್ಬಳ ಪಾಲಿಗೇ ಬಂದಿತ್ತು.

ಊರು ಬೆಳೆದಂತೆ ಕಾರುಗಳೂ ಬೆಳೆದವು, ಕಾರುಗಳ ಮೇಲೆ ಅದಿರು ಲಾರಿಗಳ ಕೆಂಪು ಧೂಳೂ ಕೂತಿತು. ತನ್ನ ಅಂಗಡಿಗೆ ಬರುವ ಗಾಡಿಗಳ ಮೈ ನೋಡಿ ನೋಡಿಯೇ ಗಂಗೋತ್ರಿಗೆ ಆ ವಿಚಾರ ಹೊಳೆದದ್ದು. ಕೊಯಮತ್ತೂರಿಗೆ ಹೋಗಿ, ದೊಡ್ಡ ಬ್ರಷ್ಷುಗಳು ತಾವೇ ತಿರುಗಿ ಕಾರು ತೊಳೆಯುವ ಮಷೀನು ನೋಡಿಕೊಂಡು ಬಂದಳು. ಅಂಗಡಿಯ ಹಿಂದೆ ಅವಳದೇ ಖಾಲಿ ಜಾಗವಿತ್ತು. ಅಲ್ಲಿಯೇ ಹಾಕುವುದೆಂದು ತೀರ್ಮಾನಿಸಿ, ನೀರಿಗಾಗಿ ಬೋರು ಕೊರೆಸಿದಳು.

ಬೋರಿನ ಲಾರಿ ಹೋದ ಸಂಜೆಯೇ ಎದುರು ಮನೆಯ ವೀರಭದ್ರಮ್ಮ ಏಳೆಂಟು ಜನರನ್ನು ಕಟ್ಟಿಕೊಂಡು ಬಂದರು. ಸಾಲಿ ಹೆಡ್ಮೇಡಂ ಆಗಿ ನಿವೃತ್ತರಾದವರು. ನಿಂತರೆ ಈಗಲೂ ಎದುರಿಗೆ ತರಗತಿ ಇದ್ದಂತೆಯೇ ನಿಲ್ಲುತ್ತಿದ್ದರು.

"ನಮ್ಮ ನಳಕ್ಕ ಹತ್ತು ದಿನಕ್ಕೊಮ್ಮೆ ನೀರು ಬರ್ತಾವ. ನೀನು ಕಾರಿಗೆ ಜಳಕ ಮಾಡಸ್ತೀಯೇನು?"

"ನಳದ ನೀರು ನಾನು ಮುಟ್ಟಂಗಿಲ್ರಿ. ಬೋರಿನ ನೀರು. ತೊಳದ ನೀರನ್ನ ಸೋಸಿ ಮತ್ತ ಅದನ್ನ ಬಳಸತೈತಿ ಮಷೀನು."

"ನೆಲದಾಗಿನ ನೀರು ನಿಮ್ಮಪ್ಪಂದೇನು?"

"ನಿಮ್ಮಪ್ಪಂದೂ ಅಲ್ಲಲ್ರಿ."

ಅಲ್ಲಿಗೆ ಮಾತು ಮುಗಿಯಿತು. ಮರುದಿನದಿಂದ ಅವಳ ಗೇಟಿಗೆ ಅಡ್ಡವಾಗಿ ಸ್ಕೂಟರುಗಳು ನಿಲ್ಲತೊಡಗಿದವು. ಓಣಿಯ ಗಿರಾಕಿಗಳು ಬರುವುದು ಬಿಟ್ಟರು. ಒಂದು ಮುಂಜಾನೆ ಅಂಗಡಿಯ ಶಟರಿನ ಮೇಲೆ ಸುಣ್ಣದಲ್ಲಿ 'ನೀರುಗಳ್ಳಿ' ಎಂದು ಬರೆದಿತ್ತು. ಮರಿಬಸಪ್ಪ ಒದ್ದೆ ಬಟ್ಟೆ ತಂದ. "ಇರಲಿ ಬಿಡು. ಬರದವ್ರು ದಿನಾ ಅಡ್ಡಾಡತಾರ, ಅವ್ರೇ ಓದಲಿ" ಎಂದು ಅವಳು ಅದನ್ನು ಕಸಿದುಕೊಂಡಳು. ಅದಾದ ಮೇಲೆ ಯಾರೋ ಬೋರಿನ ಬಾಯೊಳಗೆ ಕಲ್ಲು ಸುರಿದರು.

ಕಲ್ಲು ತೆಗೆಸಿ, ಕೊಳವೆ ತೊಳೆಸಿದಳು. ನೀರಿನ ಇಳುವರಿ ಎಷ್ಟೆಂದು ಮಷೀನಿನ ಕಂಪನಿಯವರಿಗೆ ತಿಳಿಸಬೇಕಿತ್ತು. ಆದರೆ ಅಂದು ಅವಳು ಮೋಟಾರು ಹಾಕಿದ್ದು ಅದಕ್ಕಾಗಿ ಮಾತ್ರವಲ್ಲ. ಇಡೀ ಓಣಿಗೆ ಸದ್ದು ಕೇಳಲಿ ಎಂದೇ ಮುಂಜಾನೆಯಿಂದ ಹಾಕಿಟ್ಟಳು. ನೀರು ದಪ್ಪ ಪೈಪಿನಲ್ಲಿ ಬಂದು ಚರಂಡಿ ಸೇರುತ್ತಿತ್ತು. ವೀರಭದ್ರಮ್ಮ ಮಾಳಿಗೆಯ ಮೇಲೆ ನಿಂತು ನೋಡಿದರು. ಗಂಗೋತ್ರಿ ಕುರ್ಚಿ ಹಾಕಿಕೊಂಡು, ಅವರಿಗೆ ಕಾಣುವಂತೆಯೇ ಕೂತು ಚಹಾ ಕುಡಿದಳು.

ಮಧ್ಯಾಹ್ನ ಓಣಿಯ ಮೂಲೆಯಿಂದ ಕಿರ್ ಕಿರ್ ಎಂಬ ಸದ್ದು ಬಂತು. ನಾಲ್ಕು ಮನೆಯ ಪಾತ್ರೆ ಬಟ್ಟೆ ಮಾಡುವ ಮಾರೆಮ್ಮ ಅಲ್ಲಿದ್ದ ಸರಕಾರಿ ಕೈಪಂಪಿನ, ಓಣಿಯವರು ಬೋರಿಂಗು ಎನ್ನುವುದರ, ಹಿಡಿಕೆ ಒತ್ತುತ್ತಿದ್ದಳು. ಮೈಯ ಭಾರವೆಲ್ಲ ಹಾಕಿ ಒತ್ತಿದರೂ ಅದರ ಬಾಯಿಂದ ಬರುತ್ತಿದ್ದದ್ದು ಬರೀ ಗಾಳಿ, ಕೆಳಗಿಟ್ಟ ಕೊಡ ಖಾಲಿ.

"ಏನಾತು ಮಾರೆಮ್ಮ?"

"ಮುಂಜಾನಿ ತಂಕ ಬರ್ತಿದ್ವು ನೋಡವ್ವಾ. ಈಗ ಒಂದು ಹನಿ ಬರವಲ್ವು."

ಗಂಗೋತ್ರಿ ವಾಪಸು ಬಂದು ಮೋಟಾರು ಆರಿಸಿದಳು. ಸಂಜೆ ತಾನೇ ಹೋಗಿ ಹಿಡಿಕೆ ಒತ್ತಿ ನೋಡಿದರೆ ನೀರು ಬಂತು. ಕಾಕತಾಳೀಯವಿರಬಹುದು ಎಂದುಕೊಂಡು ಮರುದಿನ ಮತ್ತೆ ಮೋಟಾರು ಹಾಕಿದಳು. ಮಧ್ಯಾಹ್ನಕ್ಕೆ ಬೋರಿಂಗು ಮತ್ತೆ ಒಣಗಿತು. ಮಷೀನು ತೊಳೆದ ನೀರನ್ನೇ ಬಳಸಿದರೂ ದಿನಕ್ಕೆ ಇಷ್ಟು ಹೊಸ ನೀರು ಬೇಕೇ ಬೇಕು. ನೀರಿನ ಸೆಲೆ ಒಂದೇ ಎಂಬುದರಲ್ಲಿ ಅವಳಿಗಿನ್ನು ಅನುಮಾನ ಉಳಿಯಲಿಲ್ಲ. ಓಣಿಯವರು ಹೇಳಿದ್ದು ನಿಜವಿತ್ತು. ಅದು ನಿಜವಿದ್ದದ್ದಕ್ಕೆ ಅವಳಿಗೆ ಅವರ ಮೇಲಿನ ಸಿಟ್ಟು ಇನ್ನೂ ಹೆಚ್ಚಾಯಿತು.

ಬೋರಿನ ಬಾಯಿಗೆ ಕಬ್ಬಿಣದ ಮುಚ್ಚಳ ಬೆಸೆಸಿ, ಜಾಗ ಬದಲಾಯಿತೆಂದು ಕಂಪನಿಗೆ ಫೋನು ಮಾಡಿದಳು. ಓಣಿಯವರು ತಾವು ಗೆದ್ದೆವೆಂದು ಪಟಾಕಿ ಹೊಡೆದರು. ವೀರಭದ್ರಮ್ಮನ ಮನೆಯಿಂದ ಎಲ್ಲರ ಮನೆಗೂ ಪೇಡೆ ಹೋಯಿತು, ಗಂಗೋತ್ರಿಯ ಮನೆಗೂ ಒಂದು ಪೊಟ್ಟಣ ಬಂತು.

"ನೀನೇ ಬಿಟ್ಟೀ ಅಂತ ಹೇಳಿಬಿಡು. ಯಾಕ ಬಿಟ್ಟೀ ಅನ್ನೋದನ್ನೂ ಹೇಳು" ಎಂದ ಮರಿಬಸಪ್ಪ.

"ಅವರ ಮುಂದ ಹೋಗಿ ನೀವು ಹೇಳಿದ್ದ ಖರೇ ಐತ್ರಿ ಅನ್ನಬೇಕೇನು? ನನ್ನ ಕೈಲೆ ಆಗಂಗಿಲ್ಲ" ಎಂದು ಪೊಟ್ಟಣವನ್ನು ಹಾಗೇ ಎತ್ತಿ ಮಾರೆಮ್ಮನ ಕೈಗೆ ಕೊಟ್ಟಳು.

ಸುದ್ದಿ ಕೇಳಿ ತಮ್ಮ ಚನ್ನಬಸವರಾಜ ಓಡಿಬಂದ. ಸಿರುಗುಪ್ಪದ ಹತ್ತಿರ ರಸ್ತೆಗೆ ಹೊಂದಿಕೊಂಡು ಅವನದೊಂದು ಹೊಲವಿತ್ತು. ಪ್ಲಾಟು ಮಾಡಿ ಮಾರಬೇಕೆಂದು ಕಾಯುತ್ತಿದ್ದ. ಅಕ್ಕನ ಮಷೀನು ಬಂದರೆ ಜಾಗಕ್ಕೆ ಬೆಲೆ ಬರುತ್ತದೆಂಬುದು ಅವನ ಲೆಕ್ಕ. ಅವಳನ್ನು ಕರೆದುಕೊಂಡು ಹೋಗಿ ಹೊಲದ ಬದುವಿನ ಮೇಲೆ ನಿಲ್ಲಿಸಿದ. ಸುತ್ತ ಭತ್ತದ ಗದ್ದೆ, ಪಕ್ಕದಲ್ಲೇ ಕಾಲುವೆ.

"ನೀರಿಗೇನು ಕಡಿಮಿ ಅಕ್ಕಾ? ಕಾಲುವಿಗೆ ಪೈಪ್ ಬಿಟ್ರ ಆತು."

"ಕಾಲುವಿ ನೀರು ಗದ್ದಿಗೆ ಬಿಟ್ಟಿದ್ದಪ್ಪ. ಕದ್ದು ತೊಗೊಂಡ್ರ ನನ್ನ ಶಟರಿನ ಮ್ಯಾಲ ಬರದದ್ದು ಖರೇ ಆಗತೈತಿ." ಬಗ್ಗಿ ಒಂದು ಹೆಂಟೆ ಎತ್ತಿ ಹಿಸುಕಿದಳು. "ಇದು ಎರಿಮಣ್ಣು. ಮಳಿಗಾಲಕ್ಕ ಉಬ್ಬತೈತಿ, ಬ್ಯಾಸಿಗಿಗೆ ಬಿರಿತೈತಿ. ಮಷೀನು ಕಂಬಿ ಮ್ಯಾಲ ಓಡಾಡತೈತಿ. ಕಂಬಿ ಒಂದು ಬಟ್ಟು ಸೊಟ್ಟಾದ್ರ ಮುಗೀತು."

"ಮನಿ ಕಟ್ಟ್ಯಾರಲ್ಲ ಇಲ್ಲೆ?"

"ಕಟ್ಟ್ಯಾರ. ಗ್ವಾಡಿ ನೋಡು, ಬೆರಳು ಹೋಗುವಷ್ಟು ಬಿರುಕದಾವ. ಈ ದಾರ್ಯಾಗ ಅಡ್ಡಾಡೋವೂ ಭತ್ತದ ಟ್ರ್ಯಾಕ್ಟರು. ಅವಕ್ಕ ಯಾರು ಬ್ರಷ್ ಹೊಡಸ್ತಾರ?"

ಚನ್ನಬಸವರಾಜನ ಮುಖ ಬಿಗಿಯಿತು. "ಅಂದ್ರ ನಿನಗ ತಮ್ಮ ಬೇಕಾಗಿಲ್ಲ."

"ತಮ್ಮ ಬೇಕು. ನಿನ್ನ ಹೊಲ ಬ್ಯಾಡ."

ಅವನು ಅಕ್ಕನನ್ನು ಅಲ್ಲಿಯೇ ಬಿಟ್ಟು ಕಾರು ಹತ್ತಿ ಹೋದ. ಗಂಗೋತ್ರಿ ಬಿಸಿಲಿನಲ್ಲಿ ನಡೆದು ಬಸ್ ಹಿಡಿದಳು. ಆಮೇಲೆ ನೆಂಟರ ಮದುವೆಗಳಲ್ಲಿ ಅವಳಿರುವ ಸಾಲಿನಲ್ಲಿ ಅವನು ಊಟಕ್ಕೆ ಕೂಡಲಿಲ್ಲ.

ಕಡೆಗೆ ಜಾಗ ಸಿಕ್ಕಿದ್ದು ಕುರುಗೋಡು ರಸ್ತೆಯಲ್ಲಿ, ಊರು ಮುಗಿದು ಬಂಡೆಗುಡ್ಡ ಶುರುವಾಗುವಲ್ಲಿ. ಅದನ್ನು ತೋರಿಸಿದವನು ಮರಿಬಸಪ್ಪ. ಅಲ್ಲೊಂದು ಕಲ್ಲು ಒಡೆಯುವುದು ನಿಂತುಹೋದ ಕ್ವಾರಿಯಿತ್ತು. ಗುಂಡಿಯಲ್ಲಿ ಮಳೆಯ ನೀರು ನಿಂತು ಹಸಿರುಗಟ್ಟಿತ್ತು, ಜನವಾಗಲಿ ದನವಾಗಲಿ ಅತ್ತ ಸುಳಿಯುತ್ತಿರಲಿಲ್ಲ. ಕೆಳಗೆ ಗಟ್ಟಿ ಬಂಡೆ. ಕಾರುಗಳು ರಸ್ತೆಗೆ ಬಾಲ ಬಿಡದೆ ಒಳಗೇ ಸಾಲು ನಿಲ್ಲುವಷ್ಟು ಅಂಗಳವಿತ್ತು.

"ಊರಿಗೆ ಬರೋರಿಗೆ ಇದು ಎಡಗಡಿ ಬೀಳತೈತಿ" ಎಂದ ಮರಿಬಸಪ್ಪ. "ಧೂಳು ಬಡಕೊಂಡು ಬಂದೋರು ತೊಳಸ್ತಾರ. ಧೂಳಿಗೆ ಹೊಂಟೋರು ಯಾಕ ತೊಳಸ್ತಾರ?"

ಗಂಗೋತ್ರಿ ಗಂಡನ ಮುಖ ನೋಡಿದಳು. ಇಷ್ಟು ಉದ್ದದ ಮಾತನ್ನು ಅವನ ಬಾಯಿಂದ ಅವಳು ಕೇಳಿದ್ದೇ ಅಪರೂಪ.

ಅಲ್ಲಿಯೂ ಅವಳಿಗೆ ಯಾರೂ ಹೂಹಾರ ಹಾಕಲಿಲ್ಲ. ಸ್ವಲ್ಪ ದೂರದಲ್ಲಿ ಪೈಪು ಹಿಡಿದು ಗಾಡಿ ತೊಳೆಯುತ್ತಿದ್ದ ಹುಲುಗೇಶ, "ನಮ್ಮ ಅನ್ನಕ್ಕ ಮಣ್ಣು ಹಾಕಾಕ ಬಂದಿಯೇನಬೇ?" ಎಂದು ರಸ್ತೆಯಲ್ಲೇ ಅಡ್ಡಗಟ್ಟಿದ. ಅವಳೂ ರಸ್ತೆಯಲ್ಲೇ ನಿಂತು ಮಾತಾಡಿದಳು. "ಲಾರಿ, ಟ್ರ್ಯಾಕ್ಟರ್, ಬೈಕು ನನ್ನ ಮಷೀನಿನ್ಯಾಗ ಹಿಡಿಯಂಗಿಲ್ಲ. ಅವೆಲ್ಲ ನಿನ್ನವ. ಕಾರು ನನ್ನವು. ಇದಕ್ಕೂ ಒಲ್ಲೆ ಅಂದ್ರ ದಿನಾ ಬಂದು ಬೈದು ಹೋಗು, ನನಗ ರೂಢಿ ಐತಿ." ಹುಲುಗೇಶ ಒಪ್ಪಲೂ ಇಲ್ಲ, ಮತ್ತೆ ಅಡ್ಡಗಟ್ಟಲೂ ಇಲ್ಲ. ಎದುರಾದಾಗ ಉಗುಳುವುದನ್ನು ಮಾತ್ರ ಬಿಡಲಿಲ್ಲ.

ಮಷೀನು ಬಂತು. ಮೊದಲ ವಾರ ಕಾರುಗಳ ಗಾಜಿನ ಮೇಲೆ ಬಿಳಿ ಕಲೆ ಉಳಿದು ಗಿರಾಕಿಗಳು ಬೈದರು. ಕ್ವಾರಿಯ ಗುಂಡಿಯಿಂದ ಎತ್ತಿದ ನೀರು ಗಡಸಾಗಿತ್ತು. ಅದನ್ನು ಮೆದು ಮಾಡುವ ಟ್ಯಾಂಕು ಕೂಡಿಸಿದ ಮೇಲೆ ಕಲೆ ಹೋಯಿತು. ಕಂಟೋನ್ಮೆಂಟಿನ ಕಡೆಯಿಂದಲೂ ಗಾಡಿಗಳು ಬರತೊಡಗಿದವು.

ಒಂದು ಭಾನುವಾರ ಸಾಲಿನಲ್ಲಿ ಬಂದ ಬಿಳಿ ಕಾರಿನ ಹಿಂದಿನ ಸೀಟಿನಲ್ಲಿ ವೀರಭದ್ರಮ್ಮ ಇದ್ದರು. ಅಳಿಯ ಗಾಡಿ ನಡೆಸುತ್ತಿದ್ದ. ಗಂಗೋತ್ರಿಯನ್ನು ಕಂಡು ಅವರು ಗಾಜು ಇಳಿಸಿದರು.

"ಕಡೀಗೆ ಊರ ಹೊರಗ ಹಾಕಿದ್ವಿ ನೋಡು ನಿನ್ನ."

ಬೋರಿಂಗಿನ ಮಾತು ಗಂಗೋತ್ರಿಯ ನಾಲಿಗೆಯ ತುದಿಗೆ ಬಂದಿತ್ತು. ಎಂಟು ಜನ ಕಟ್ಟಿಕೊಂಡು ಬಂದು ಈ ಹೆಂಗಸು ಮಾಡಲಾಗದ್ದನ್ನು ಮಾರೆಮ್ಮನ ಒಂದು ಖಾಲಿ ಕೊಡ ಮಾಡಿತ್ತು. ಹೇಳಿದರೆ ಆ ಮುಖದ ನಗೆ ಅಲ್ಲೇ ಇಳಿದುಹೋಗುತ್ತಿತ್ತು. ಆದರೆ ಹೇಳಿದ ಮೇಲೆ ಆ ಹೆಂಗಸು ತನ್ನನ್ನು ಒಳ್ಳೆಯವಳು ಎಂದುಬಿಟ್ಟರೆ? ಅದನ್ನು ನೆನೆದೇ ಗಂಗೋತ್ರಿಗೆ ಮೈ ಉರಿಯಿತು.

"ಗಾಜು ಏರಸ್ರಿ. ನೀರು ಒಳಗ ಬರ್ತಾವ" ಎಂದಳು.

ಗಾಜು ಏರಿತು. ಗಂಗೋತ್ರಿ ಮಷೀನಿನ ಗುಂಡಿ ಒತ್ತಿ, ಹಿಂದಿನ ಕಾರಿಗೆ ಮುಂದೆ ಬರಲು ಕೈ ಮಾಡಿದಳು.