ಅತ್ತೆ ಮರೆತ ಸೋಡಚೀಟಿ

ಕೊಲ್ಹಾಪುರದ ಕೌಟುಂಬಿಕ ನ್ಯಾಯಾಲಯದಲ್ಲಿ ನಮ್ಮ ವಿಚ್ಛೇದನ, ನಮ್ಮ ಕಡೆಯ ಮಾತಿನಲ್ಲಿ ಸೋಡಚೀಟಿ, ಆಗಲು ಚಹಾ ಆರುವಷ್ಟು ಹೊತ್ತೂ ಹಿಡಿಯಲಿಲ್ಲ. ಯಾರ ಒತ್ತಾಯವೂ ಇಲ್ಲವಲ್ಲ ಎಂದು ನ್ಯಾಯಾಧೀಶರು ಮರಾಠಿಯಲ್ಲಿ ಕೇಳಿದರು. "ನಾಹೀ" ಎಂದೆ. ಗಂಡನೂ ಅದನ್ನೇ ಹೇಳಿದ. ಮನಸ್ಸು ಬದಲಾದೀತೆಂದು ಅದಕ್ಕೂ ಮೊದಲು ಆರು ತಿಂಗಳು ಕಾಯಿಸಿದ್ದರು. ಜಗಳವಾಡಿ ದೂರಾದವರ ಮನಸ್ಸು ಬದಲಾಗಬಹುದು. ನಾವು ಜಗಳವಾಡಿರಲೇ ಇಲ್ಲ. ಏಳು ತಿಂಗಳ ಕೂಸು ಹೊಟ್ಟೆಯಲ್ಲೇ ಹೋದ ಮೇಲೆ ಅವನು ಮಾತು ಬಿಟ್ಟ, ಆಮೇಲೆ ನಾನೂ ಬಿಟ್ಟೆ. ಸಿಲಿಂಡರ್ ಬಂತು, ಉಪ್ಪು ತೀರಿತು ಎಂಬುದಷ್ಟೇ ಮನೆಯಲ್ಲಿ ಉಳಿದ ಮಾತು. ಹಾಗೇ ಕೆಲವು ವರ್ಷ ಕಳೆದು, ಒಂದು ದಿನ ನಾನು ಇಚಲಕರಂಜಿಯಿಂದ ಗಡಹಿಂಗ್ಲಜಕ್ಕೆ ಬಂದುಬಿಟ್ಟೆ. ತವರು ಹತ್ತಿರದ ನೂಲ್ ಎಂಬ ಹಳ್ಳಿಯಲ್ಲೇ ಇತ್ತು. ಅಣ್ಣನ ಮನೆಯಲ್ಲಿ ಇರಲು ಮನಸ್ಸಾಗದೆ ಬಾಡಿಗೆ ಕೋಣೆ ಹಿಡಿದು, ಒಂದು ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದೆ.

ಪೋಟಗಿ ಬೇಡ, ಅವನಿಂದ ಏನೂ ಬೇಡ ಎಂದಾಗ ನನ್ನ ವಕೀಲರು ಪೆನ್ನು ಕೆಳಗಿಟ್ಟು ಗದರಿದ್ದರು. "ನಾಳೆ ಹೊಟ್ಟಿಗೇನ ಮಾಡ್ತೀರಿ? ಬ್ಯಾಸರಾಗಿ ಹಕ್ಕ ಬಿಟ್ಟಕೊಟ್ಟ ಹೆಣಮಕ್ಕಳನ್ನ ಭಾಳ ನೋಡೇನ್ರಿ ನಾ." ಆ ವಕೀಲೆಯ ಮಾತು ಕೇಳಿದ್ದು ಒಳ್ಳೆಯದಾಯಿತು. ಜೀವನಾಂಶ ಒಂದೇ ಸಲಕ್ಕೆ ಬಂತು. ತವರಿನ ಚಿನ್ನ ನನಗೆ, ಮನೆ ಅವನಿಗೆ. ಮನೆಸಾಲದಿಂದ ನನ್ನ ಹೆಸರು ತೆಗೆಸುವ ಹೊಣೆಯೂ ಅವನದೇ. ಎಲ್ಲಕ್ಕೂ ಸಹಿಯಾಯಿತು. ಅತ್ತೆಯ ವಿಷಯವನ್ನು ಮಾತ್ರ ಯಾರೂ ಎತ್ತಲಿಲ್ಲ.

ಅತ್ತೆ ಮರಾಠಿ ಓಣಿಯಲ್ಲಿ ಅರವತ್ತು ದಾಟಿದರೂ ಕನ್ನಡ ಬಿಡದವಳು. ಮಗ್ಗಕ್ಕೆ ನೂಲು ಸುತ್ತಿ ಸುತ್ತಿ ಅವಳ ಹೆಬ್ಬೆರಳು ಒಂದು ಕಡೆಗೆ ವಾಲಿತ್ತು. ಕೂಸು ಹೋದಾಗ ತಿಂಗಳುಗಟ್ಟಲೆ ನನ್ನ ಪಕ್ಕದಲ್ಲೇ ಹಾಸಿಗೆ ಹಾಕಿಕೊಂಡಳು. ಸಮಾಧಾನದ ಮಾತು ಒಂದನ್ನೂ ಆಡಲಿಲ್ಲ. ಬೆನ್ನಿನ ಮೇಲೆ ಕೈ ಇಟ್ಟು ಮಲಗುತ್ತಿದ್ದಳು, ಅಷ್ಟೇ.

ಸೋಡಚೀಟಿಯಾಗಿ ಒಂದು ಮಳೆಗಾಲ ಕಳೆದ ಮೇಲೆ ಅವನ ಫೋನು ಬಂತು.

"ಅವ್ವ ಉಣ್ಣವಲ್ಲಳು. ಎಲ್ಲಾ ಮರತಾಳ. ನಿನ್ನ ಕೇಳಾಕತ್ತಾಳ."

"ನಮ್ಮದು ಮುಗದೈತಂತ ಹೇಳಿಲ್ಲೇನ್ರಿ?"

"ಹೇಳೇನಿ. ಮರದಿನ ಮರತಿರ್ತಾಳ. ಮತ್ತ ಹೇಳಿದ್ರ ಮತ್ತ ಹೊಸದಾಗಿ ಅಳ್ತಾಳ. ಕಡೀಕ ಹೇಳೂದ ಬಿಟ್ಟೆ."

ಆ ಭಾನುವಾರ ಇಚಲಕರಂಜಿಯ ಎಸ್.ಟಿ. ಬಸ್ಸು ಹತ್ತಿದೆ. ಅಡುಗೆಮನೆಯ ಡಬ್ಬಿಗಳು ನಾನು ಇಟ್ಟಲ್ಲೇ ಇದ್ದವು. ಕೈ ತಾನಾಗಿ ಜೀರಿಗೆಯ ಕಡೆ ಹೋಯಿತು. ಬಾಗಿಲ ಹಿಂದಿನ ಮೊಳೆಯಲ್ಲಿ ನನ್ನ ಹಳೆಯ ಟವೆಲ್ಲು ನೇತಾಡುತ್ತಿತ್ತು. ಸತ್ತವರು ತಿರುಗಿ ಮನೆಗೆ ಬಂದರೆ ಅವರಿಗೂ ಹೀಗೇ ಅನಿಸುತ್ತದೇನೋ, ಎಲ್ಲವೂ ಗುರುತು, ಯಾವುದೂ ತಮ್ಮದಲ್ಲ. ಭಕ್ಕರಿ ಮುರಿದು ಹಾಲಿನಲ್ಲಿ ನೆನೆಸಿ ಅತ್ತೆಯ ಮುಂದೆ ಕೂತೆ. ಅವಳು ಬಾಯಿ ತೆರೆದಳು. ನಾಲ್ಕು ತುತ್ತು ಉಂಡು ನನ್ನ ಕೊರಳನ್ನೇ ನೋಡಿದಳು.

"ಯಾಕವಾ, ಕೊಳ್ಳಾಗ ತಾಳಿ ಇಲ್ಲ?"

"ಸರಾ ಹರದೈತ್ರಿ ಅತ್ತಿ. ಪೋಣಸಾಕ ಕೊಟ್ಟೇನಿ."

"ಲಗೂನ ಇಸ್ಕೊಂಡ ಬಾ. ಖಾಲಿ ಕೊಳ್ಳ ನೋಡಾಕ ಆಗೂದುಲ್ಲ."

ಆಮೇಲೆ ಪ್ರತಿ ಭಾನುವಾರ ಹೋದೆ, ಪ್ರತಿ ಭಾನುವಾರ ಅದೇ ಪ್ರಶ್ನೆ, ಅದೇ ಉತ್ತರ. "ಮತ್ತ ಕೂಡ್ತೀರೇನು?" ಎಂದು ಅಣ್ಣನ ಹೆಂಡತಿ ಆಸೆಯಿಂದ ಕೇಳಿದಳು. ಇಲ್ಲವೆಂದೆ. ನಾನು ಬರುವ ಹೊತ್ತಿಗೆ ಅವನು ಹೊರಗೆ ಹೋಗಿಬಿಡುತ್ತಿದ್ದ. ತಿರುಗಿ ಬಂದಾಗ ನಾನು ಚಪ್ಪಲಿ ಮೆಟ್ಟುತ್ತಿರುತ್ತಿದ್ದೆ.

ಒಂದು ಮಧ್ಯಾಹ್ನ ಅವನು ಬೇಗ ಬಂದ. ಅತ್ತೆ ಮಂಚದ ಮೇಲೆ ಕೂತು ಗಾಳಿಯಲ್ಲೇ ನೂಲು ಸುತ್ತುತ್ತಿದ್ದಳು. ಕೈ ನಿಲ್ಲಿಸಿ ದನಿ ತಗ್ಗಿಸಿ ಕೇಳಿದಳು.

"ಕೂಸು ಮಲಗೇತೇನ?"

ಅವನು ಹೊಸ್ತಿಲಲ್ಲೇ ನಿಂತ.

"ಮಲಗೇತ್ರಿ" ಎಂದೆ.

"ಹಂಗಾರ ಗದ್ಲ ಮಾಡಬ್ಯಾಡ್ರಿ ಇಬ್ರೂ." ಮತ್ತೆ ಸುತ್ತತೊಡಗಿದಳು. ಒಳಕೋಣೆಯಲ್ಲಿ ನಿಜಕ್ಕೂ ಯಾರೋ ಮಲಗಿರುವಂತೆ ನಾವಿಬ್ಬರೂ ಸದ್ದು ಮಾಡದೆ ಅಡುಗೆಮನೆಗೆ ಹೋದೆವು.

ಅವನು ನಳದ ಕಡೆ ಮುಖ ಮಾಡಿ ಹೇಳಿದ, "ಹೆಣ್ಣ ಕೂಸದು. ನಾ ನೋಡೇನಿ."

ಆಸ್ಪತ್ರೆಯಲ್ಲಿ ನನಗೆ ತೋರಿಸಿರಲಿಲ್ಲ. ಬಟ್ಟೆಯಲ್ಲಿ ಸುತ್ತಿ ಅವನ ಕೈಗೆ ಕೊಟ್ಟಿದ್ದರು, ಅವನೊಬ್ಬನೇ ಹೋಗಿ ಮಣ್ಣು ಮಾಡಿ ಬಂದಿದ್ದ.

"ಯಾರಂಗ ಇತ್ತರಿ?"

"ಅವ್ವನಂಗ. ಹಣಿ, ಮೂಗ, ಎಲ್ಲಾ ಅವ್ವನಂಗ."

"ಆವಾಗ ಯಾಕ ಹೇಳಲಿಲ್ಲ?"

"ನೀ ಕೇಳಲಿಲ್ಲ."

ಕೇಳಿದರೆ ಅವನು ಕುಸಿದುಬಿಡುತ್ತಾನೆಂದು ನಾನು ಹೆದರಿದ್ದೆ. ಹೇಳಿದರೆ ನಾನು ಉಳಿಯುವುದಿಲ್ಲವೆಂದು ಅವನು ಹೆದರಿದ್ದನಂತೆ. ಅಲ್ಲೇ ನೆಲದ ಮೇಲೆ ಕೂತು ಇಬ್ಬರೂ ಅತ್ತೆವು, ಬಾಯಿಗೆ ಸೆರಗು ಒತ್ತಿಕೊಂಡು ನಾನು, ಮೊಣಕಾಲಿಗೆ ಮುಖ ಒತ್ತಿಕೊಂಡು ಅವನು. ಇಷ್ಟು ವರ್ಷ ಅವನು ಆ ಮುಖವನ್ನು ಒಬ್ಬನೇ ನೋಡುತ್ತಿದ್ದ. ಅಂದಿನಿಂದ ನಾನೂ ನೋಡತೊಡಗಿದೆ, ಅತ್ತೆಗೆ ತುತ್ತು ಕೊಡುವಾಗಲೆಲ್ಲ. ಅವನ ಮೇಲಿನ ಸಿಟ್ಟು ಅಲ್ಲಿಗೆ ಹೋಯಿತು. ಆದರೂ ತಿರುಗಿ ಬರುತ್ತೇನೆ ಎನ್ನಲು ನನಗಾಗಲಿಲ್ಲ, ಬಾ ಎಂದು ಅವನೂ ಕರೆಯಲಿಲ್ಲ.

ಚಳಿಗಾಲದಲ್ಲಿ ಅತ್ತೆಗೆ ನನ್ನ ಗುರುತೂ ಹೋಯಿತು. "ಯಾರವಾ ನೀ, ದವಾಖಾನಿಯಾಕೆ?" ಎನ್ನುತ್ತಿದ್ದಳು. ಹೌದ್ರಿ ಎನ್ನುತ್ತಿದ್ದೆ. ಯುಗಾದಿಗೆ ಮುಂಚೆ ಹೋಗಿಬಿಟ್ಟಳು.

ಅಂಗಳದಲ್ಲಿ ಅವಳನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು, ಹಣೆ ತುಂಬ ವಿಭೂತಿ. ಹೆಂಗಸರ ನಡುವೆ ನಾನೆಲ್ಲಿ ಕೂರಬೇಕೆಂದು ತಿಳಿಯದೆ ನಿಂತಿದ್ದೆ. ಅವರ ದೂರದ ಬಳಗದ ಮುದುಕಿಯೊಬ್ಬಳು ಮರಾಠಿಯಲ್ಲಿ ನೀನು ಯಾರು ಎಂದು ಕೇಳಿದಳು. ಹೂವಿನ ಬುಟ್ಟಿ ಹಿಡಿದು ಬರುತ್ತಿದ್ದ ಅವನು ಅಲ್ಲೇ ನಿಂತು ಹೇಳಿದ, "ಅವ್ವನ ಸೊಸಿ ಆಕಿ. ಜಾಗಾ ಬಿಡ್ರಿ."

ನನ್ನ ಹೆಂಡತಿ ಎನ್ನಲಿಲ್ಲ. ಹೆಂಗಸರು ಸರಿದು ಜಾಗ ಮಾಡಿದರು. ಅತ್ತೆಯ ಕಾಲ ಬಳಿ ಕೂತೆ.

ಬ್ಯಾಂಕಿನಲ್ಲಿ ಮನೆಸಾಲದಿಂದ ನನ್ನ ಹೆಸರು ತೆಗೆದಾಯಿತೆಂದು ಬೇಸಿಗೆಯಲ್ಲಿ ಅವನ ಮೆಸೇಜು ಬಂತು. ಅದೇ ಕೊನೆ. ಇಚಲಕರಂಜಿಗೆ ಹೋಗಲು ನನಗೆ ಈಗ ಯಾವ ಕಾರಣವೂ ಇಲ್ಲ. ಅಂಗಡಿಗೆ ಯಾರಾದರೂ ವಯಸ್ಸಾದ ಹೆಂಗಸು ಬಂದು, ಗುಳಿಗೆಯ ಹೆಸರು ಮರೆತು ನನ್ನ ಮುಖವನ್ನೇ ದಿಟ್ಟಿಸುತ್ತ ನಿಂತರೆ, ನಾನು ಕೂಡಲೇ ಏನು ಬೇಕೆಂದು ಕೇಳುವುದಿಲ್ಲ. ಗುರುತು ಹಿಡಿದಾಳೆಂದು ತುಸು ಹೊತ್ತು ಕಾಯುತ್ತೇನೆ.