ಅವ್ವನಿಗಾಗಿ ಗಿಡ್ಡ ಮಾಡಿದ ದಂಡ

ಭಾಲ್ಕಿ ಕಡೆಯ ನಮ್ಮ ಹೊಲ ನೆನಪಾದರೆ ಈಗಲೂ ಅರೆನಿದ್ದೆಯಲ್ಲಿ ಇದ್ದಂತಾಗುತ್ತದೆ. ಕರಿಮಣ್ಣಿನ ಮೇಲೆ ಮಧ್ಯಾಹ್ನದ ಬಿಸಿಲು ನಡುಗುತ್ತಿರುತ್ತದೆ, ಬಾವಿಯ ಮೂಡಲಿಗೆ ಅವ್ವನ ಕಲ್ಲು. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ. ಹೊಲದಲ್ಲೇ ಕೂರಿಸಿ ಮಣ್ಣು ಕೊಡುತ್ತಾರೆ. ಹೀಗಾಗಿ ಅವ್ವ ಹೋದಳೆಂದು ನಾನು ಪೂರ್ತಿ ನಂಬಿರಲಿಲ್ಲ. ಹೊಲದಲ್ಲಿ ಕೂತಿದ್ದಾಳೆ, ಅಷ್ಟೇ. ಬುತ್ತಿ ಬಿಚ್ಚಿದಾಗ ಅವಳಿಗೊಂದು ತುತ್ತು ಇಡುತ್ತಿದ್ದೆ. ಕಾಗೆ ತಿಂದರೆ ಕಾಗೆಯ ಜೊತೆ ಜಗಳವಾಡುತ್ತಿದ್ದೆ.

ಹೈದರಾಬಾದಿನಿಂದ ರೈಲಿನಲ್ಲಿ ಬೀದರಿಗೆ ಬಂದಿಳಿದ ರಹಾಟವನ್ನು ಅಪ್ಪ ಬಂಡಿಯಲ್ಲಿ ಹೇರಿಕೊಂಡು ತಂದ. ಎತ್ತುಗಳು ಸುತ್ತು ಹಾಕಿದರೆ ಬಾವಿಯ ನೀರೆತ್ತಿ ಸುರಿಯುವ ಕಬ್ಬಿಣದ ಗಾಲಿ ಅದು. ಎತ್ತು ಸುತ್ತುವ ಜಾಗದ ನಡುವಿನಿಂದ ಬಾವಿಯ ಮೇಲಿನ ಗಾಲಿಯವರೆಗೆ ಒಂದು ಉದ್ದನೆಯ ದಂಡ; ದಂಡ ತಿರುಗಿದರೆ ಗಾಲಿ ತಿರುಗುತ್ತದೆ. ಬಾವಿಯ ಮಿಕ್ಕ ಮಗ್ಗುಲೆಲ್ಲ ಇಳಿಜಾರು, ಎತ್ತು ತಿರುಗಲು ಮೂಡಲ ಕಡೆಯೊಂದೇ ಜಾಗ. ದಂಡವನ್ನು ಬಂದ ಹಾಗೆಯೇ ಜೋಡಿಸಿದರೆ ಎತ್ತುಗಳು ದಿನವೂ ಅವ್ವನನ್ನು ತುಳಿಯುತ್ತಿದ್ದವು.

ದಂಡ ಕಡಿಯಬೇಕೆಂದು ಅಪ್ಪ ಹೇಳಿದಾಗ ಕಮ್ಮಾರ ಮುಖ ಸಣ್ಣದು ಮಾಡಿದ.

“ಹೊಸಾ ಮಾಲು ಅದರಿ. ಕಡದ ಮ್ಯಾಲ ಮತ್ತ ಬೆಳ್ಯಾದಿಲ್ಲ. ಕಲ್ಲ ಸರಿಸಿದ್ರ ಆಗ್ತದಲ್ಲರಿ.”

“ಕಲ್ಲ ಸರಿಸಬಹುದು. ಕುಂತಾಕಿನ್ನ ಹ್ಯಾಂಗ ಎಬ್ಬಸ್ಲಿ?” ಎಂದ ಅಪ್ಪ.

ಕಮ್ಮಾರ ಗರಗಸ ಹಿಡಿದ. ಅಪ್ಪ ಬಾವಿಯಿಂದ ಕಲ್ಲಿನವರೆಗೆ ಹಗ್ಗ ಹಿಡಿದು ಅಳೆದು ದಂಡಕ್ಕೆ ಗುರುತು ಮಾಡಿದ್ದ. ದಂಡ ಗಿಡ್ಡವಾಯಿತು, ಎತ್ತುಗಳ ದಾರಿ ಬಾವಿಯ ಕಡೆ ಸರಿಯಿತು, ಕಲ್ಲಿಗೆ ತಾಗದೆ ಜೋಡಿ ತಿರುಗಿತು. ನಾನು ದಂಡದ ಪಕ್ಕದ ನೆಲಕ್ಕೆ ಕಿವಿಯಿಟ್ಟು ಮಲಗಿದೆ. ಒಳಗಿನಿಂದ ಗುರುಗುರು ಸದ್ದು. ಅವ್ವ ಜೋಳ ಬೀಸುತ್ತಿದ್ದಾಳೆ ಎನ್ನಿಸಿ ಹಾಗೇ ಕಣ್ಣು ಹತ್ತಿತು.

ಮರುದಿನ ಔರಾದದಿಂದ ಅಜ್ಜಿ ಬಂದಳು, ಅವ್ವನ ತಾಯಿ. ರಹಾಟ ನೋಡಿ ಹೊಗಳುತ್ತಾಳೆಂದು ಕಾದೆವು. ಅವಳು ಎತ್ತು ನಿಲ್ಲಿಸಲು ಹೇಳಿ, ಕಲ್ಲಿನಿಂದ ಬಾವಿಯ ಕಡೆ ಸರಿದು, ಗೊರಸಿನ ಗುರುತುಗಳ ಮೇಲೆಯೇ ಹೋಗಿ ನಿಂತಳು.

“ನನ್ನ ಮಗಳು ಇಲ್ಲಿ ಕುಂತಾಳ್ರಿ. ಕುಣಿ ಅಲ್ಲಿ ಅಗದ್ರು ಖರೆ, ಗೂಡು ಈ ಕಡೀ ಗ್ವಾಡಿಗಿ ಕೊರದ್ರು. ಮರ್ತ್ರೇನ್ರಿ?”

ನಮ್ಮವರು ಕುಣಿಯ ನಡುವೆ ಕೂರಿಸುವುದಿಲ್ಲ. ಕುಣಿಯ ಒಂದು ಗೋಡೆಯಲ್ಲಿ ಗೂಡು ಕೊರೆದು, ಅದರೊಳಗೆ ಕೂರಿಸಿ, ಆಮೇಲೆ ಮಣ್ಣು ಮುಚ್ಚುತ್ತಾರೆ. ಇದು ಅಪ್ಪನಿಗೆ ಗೊತ್ತಿಲ್ಲದ್ದೇನಲ್ಲ. ಕಲ್ಲು ನೋಡಿ ನೋಡಿ ಅವನಿಗೆ ಕಲ್ಲೇ ಅವ್ವ ಆಗಿಬಿಟ್ಟಿತ್ತು. ಹಿಂದಿನ ದಿನವೆಲ್ಲ ಎತ್ತುಗಳು ಅವಳ ನೆತ್ತಿಯ ಮೇಲೆ ನಡೆದಿದ್ದವು. ಅಪ್ಪ ಅಲ್ಲೇ ಕುಸಿದು ಕೂತು ಎರಡೂ ಕೈಯಿಂದ ಮಣ್ಣು ಸವರಿದ. ಅವನು ಅತ್ತದ್ದನ್ನು ನಾನು ಮೊದಲು ಕಂಡದ್ದು ಆಗಲೇ. ನೋಡಲಾಗದೆ ಬಾವಿಯ ಕಡೆ ತಿರುಗಿದೆ.

ಕಮ್ಮಾರ ಮತ್ತೆ ಬಂದ. ಅಜ್ಜಿ ಹೇಳಿದ ಜಾಗ ಬಿಟ್ಟು ದಂಡದ ಮೇಲೆ ಗೆರೆ ಎಳೆದ. ಅಪ್ಪ ಅದನ್ನು ಅಳಿಸಿ, ದಂಡ ಇನ್ನೂ ಗಿಡ್ಡವಾಗುವಂತೆ ಒಳಗೆ ಎಳೆದ.

“ಇಷ್ಟು ಕಡದ್ರ ಸುತ್ತು ಸಣ್ಣದಾಗಿ ಜೋಡಿ ತಿರಗಾದಿಲ್ರಿ, ಒಂದೇ ಎತ್ತ ಕಟ್ಟಬೇಕು. ನೀರು ಅರ್ಧಾ ಆಗ್ತದ. ಅತ್ತಿಯವ್ರು ಹೇಳಿದಷ್ಟು ಸಾಲಾದಿಲ್ಲೇನ್ರಿ?”

“ಸಾಲಾದಿಲ್ಲ. ಆಕಿ ಬಾಜೂಕ ನಂಗೂ ಜಾಗಾ ಬೇಕು.”

ಅಜ್ಜಿ ಸೆರಗನ್ನು ಬಾಯಿಗೆ ಹಿಡಿದಳು. ನನಗೆ ಮಾತ್ರ ಮೈಯೆಲ್ಲ ಉರಿದುಹೋಯಿತು. ನಾನು ಇಲ್ಲಿರುವಾಗ ಇವನಿಗೆ ಅಲ್ಲಿ ಜಾಗ ಹಿಡಿಯುವ ಅವಸರವೇನು? ಹೋಗಿ ಆ ಗೆರೆಯ ಮೇಲೇ ಕೂತುಬಿಟ್ಟೆ.

ಅಪ್ಪ ನನ್ನ ತಲೆ ಸವರಿದ. “ಈಗೇನಲ್ಲ ಬಿಡವ್ವ. ಮೊದ್ಲ ನಿನ್ನ ಲಗ್ನ ಆಗ್ಲಿ.”

“ಹಂಗಾರ ನಾ ಲಗ್ನಾನೇ ಆಗಾದಿಲ್ಲ” ಎಂದು ದಂಡವನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡೆ.